ಕೊಲ್ಲದೆ ಅರಿಯುವ ವಿದ್ಯೆ

ನಾವು ಈ ಶಾಲೆಯ ಮೇಲ್ತರಗತಿಯಲ್ಲಿ ಓದುತ್ತಿದ್ದಾಗ ಪಾಠಕ್ಕೆಂದು ಒಂದು ಕಪ್ಪೆಯನ್ನು ಕೊಯ್ದೆವು. ಅದರ ಹೃದಯವನ್ನು ಕಂಡು ಬೆರಗಾದೆವು. ಆದರೆ ಅಂದು ಮಧ್ಯಾಹ್ನ ನಮಗೆ ಊಟ ಸೇರಲಿಲ್ಲ. ಅರಿಯಬೇಕಾದರೆ ಕೊಲ್ಲಲೇಬೇಕೆ ಎಂಬ ಪ್ರಶ್ನೆಯು ಅಂದಿನಿಂದ ನಮ್ಮಲ್ಲಿ ಉಳಿಯಿತು. ಬಹು ವರುಷಗಳ ತರುವಾಯ, ಅಮೆರಿಕದ ಫ್ಲಾರಿಡಾ ಪ್ರಾಂತದ ಸಾರಾಸೋಟಾ ಕೊಲ್ಲಿಯ ವಿಚಾರವನ್ನು ಓದಿದಾಗ ಅದಕ್ಕೊಂದು ಉತ್ತರ ದೊರೆಯಿತು.

ಅಲ್ಲಿಯ ಡಾಲ್ಫಿನ್‌ಗಳನ್ನು ವಿಜ್ಞಾನಿಗಳು 1970ರಿಂದ ಗಮನಿಸುತ್ತ ಬಂದಿರುವರು. ಬೆನ್ನಿನ ಈಜುರೆಕ್ಕೆಯ ಕಚ್ಚುಗಳನ್ನು ನೋಡಿ ಒಂದೊಂದನ್ನೂ ಗುರುತಿಸಬಲ್ಲರು. ಯಾವುದು ಯಾರ ಚೊಚ್ಚಲ ಮರಿಯೆಂಬುದನ್ನೂ ಬಲ್ಲರು. ಇವುಗಳ ಮೈಯಲ್ಲಿ ಸೇರಿದ ವಿಷವನ್ನು ಅಳೆಯುವುದು ಹೇಗೆ? ಆಳವಿಲ್ಲದ ನೀರಿನಲ್ಲಿ ಬಲೆಯಿಂದ ಸುತ್ತುಗಟ್ಟಿ, ಕೆಲಹೊತ್ತು ಹಿಡಿದು, ರಕ್ತವನ್ನೂ ಚರ್ಮದಡಿಯ ಕೊಬ್ಬಿನ ಚಿಕ್ಕ ತುಣುಕನ್ನೂ, ಹಾಲೂಡುವ ತಾಯಿಯಾದರೆ ತುಸು ಹಾಲನ್ನೂ ತೆಗೆದುಕೊಂಡು ಬಿಟ್ಟುಬಿಡುವರು. ಹಿಡಿಯಲಾಗದ ಕಡಲುಗಳಲ್ಲಿ ದೋಣಿಯಿಂದಲೇ ಪೊಳ್ಳು ತುದಿಯ ಬಾಣವನ್ನು ಬಿಡುವರು. ಅದು ಸಣ್ಣ ತುಣುಕೊಂದನ್ನು ಕಚ್ಚಿಕೊಂಡು ಹಿಂದಕ್ಕೆ ಪುಟಿದು ನೀರಿನ ಮೇಲೆ ತೇಲುವುದು. ನೋವೇ ಇಲ್ಲವೆಂದು ನಾವು ಹೇಳಲಾರೆವು. ಆದರೆ ಗಾಯವು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಮಾಯುವುದು.

ಆ ತುಣುಕು ಹೇಳಿದ ಕಥೆಯಾದರೋ ಮರುಕ ಹುಟ್ಟಿಸುವಂಥದು. ಪಿ.ಸಿ.ಬಿ. ಎಂಬ ರಾಸಾಯನಿಕಗಳನ್ನು ಹಿಂದೆ ವಿದ್ಯುತ್ತಿನ ಟ್ರಾನ್ಸ್‌ಫಾರ್ಮರುಗಳಲ್ಲಿ ಬಳಸುತ್ತಿದ್ದರು. ಅಮೆರಿಕದಲ್ಲಿ ಇವುಗಳ ತಯಾರಿಕೆ 1979ರಲ್ಲಿ ನಿಷಿದ್ಧವಾಯಿತು. ಆದರೂ ಇವು ಬೇಗನೆ ನಶಿಸುವಂಥವಲ್ಲ. ಮೀನಿನಿಂದ ಡಾಲ್ಫಿನ್ನಿಗೆ ಸೇರಿ ಕೊಬ್ಬಿನಲ್ಲಿ ನೆಲಸುವುವು. ಗಂಡಿನಲ್ಲಿ ವಯಸ್ಸಿನೊಡನೆ ಹೆಚ್ಚುವುವು. ಹೆಣ್ಣಿನಲ್ಲಿ ಚೊಚ್ಚಲ ಹೆರಿಗೆಯ ಬಳಿಕ ಇಳಿಯುವುವು. ಇಳಿದ ವಿಷವು ಹೋದುದೆಲ್ಲಿಗೆ? ಬಹುಪಾಲು ಹಾಲಿನೊಡನೆ ಮರಿಯ ಮೈಗೆ! ಚೊಚ್ಚಲ ಮರಿಗಳಲ್ಲಿ ವಿಷವೂ ಹೆಚ್ಚು, ಸಾವೂ ಹೆಚ್ಚು ಎಂದು ಸಾರಾಸೋಟಾದ ಸಂಶೋಧಕರು 2005ರಲ್ಲಿ ಪ್ರಕಟಿಸಿದರು. ಹೊಸ ತಾಯಿಯ ಅನನುಭವವೂ ಆ ಸಾವುಗಳಿಗೆ ಕಾರಣವಾಗಿರಬಹುದು. ಎಲ್ಲವನ್ನೂ ವಿಷದ ಮೇಲೆಯೇ ಹೊರಿಸಲಾಗದು.

ಇಲ್ಲಿ ನಮಗೆ ಹೊಳೆದುದು ಇಷ್ಟು. ತಾಯಿಯನ್ನು ಕೊಂದು ಅಳೆದಿದ್ದರೆ ಒಂದು ದಿನದ ಲೆಕ್ಕ ಮಾತ್ರ ಸಿಕ್ಕುತ್ತಿತ್ತು. ಬದುಕಲು ಬಿಟ್ಟುದರಿಂದಲೇ ಅವಳ ಮೊದಲ ಮರಿಯ ಗತಿಯೂ ಎರಡನೆಯ ಮರಿಯ ಭಾಗ್ಯವೂ ತಿಳಿದುಬಂದುವು. ದಯೆಯು ಜ್ಞಾನಕ್ಕೆ ಅಡ್ಡಿಯೆಂದು ಭಾವಿಸಿದ್ದ ನಾವು, ಅದೇ ಜ್ಞಾನದ ದಾರಿಯೂ ಆಗಬಲ್ಲುದೆಂದು ಕಲಿತೆವು. ಪ್ರಯೋಗಶಾಲೆಗೆ ಕಾಲಿಡುವ ಕಿರಿಯ ಸೋದರಿಯರೇ, ಕತ್ತರಿಯನ್ನು ಕೈಗೆತ್ತಿಕೊಳ್ಳುವ ಮೊದಲು ಬೇರೆ ದಾರಿಯುಂಟೇ ಎಂದು ಒಮ್ಮೆ ಕೇಳಿರಿ. ನಾವು ಅಂದು ಕೇಳಲಿಲ್ಲ.