ಮಗ್ರಿಬ್ ವೇಳೆಯ ಆಟ

ಮಗ್ರಿಬ್ ನಮಾಝ್‌ನ ಹತ್ತು ನಿಮಿಷಗಳ ನೆಮ್ಮದಿಗಾಗಿ ಎರಡು ವರ್ಷದ ಮಗಳ ಕೈಗೆ ನಾವು ಮೊಬೈಲ್ ಕೊಡುತ್ತಿದ್ದೆವು. ಒಂದು ಸಂಜೆ ಸಲಾಮ್ ಹೇಳಿ ತಿರುಗಿ, ಹೆಸರು ಹಿಡಿದು ಮೂರು ಬಾರಿ ಕರೆದರೂ ಆಕೆ ತಲೆಯೆತ್ತಲಿಲ್ಲ. ಅಂದೇ ಮೊಬೈಲ್ ಕಪಾಟು ಸೇರಿತು. ಈ ವಯಸ್ಸಿಗೆ ದಿನಕ್ಕೆ 1 ಗಂಟೆಗಿಂತ ಹೆಚ್ಚು ಪರದೆ ಸಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲೇ ಹೇಳಿತ್ತು; ನಾವು ಕಿವಿಗೊಟ್ಟಿರಲಿಲ್ಲ.

ಈಗ ಅಡುಗೆಮನೆಯೇ ಆಟದ ಮನೆ. ಸ್ಟೀಲ್ ಡಬ್ಬಿಗಳಿಗೆ ಮುಚ್ಚಳ ಹೊಂದಿಸುವುದು, ರೊಟ್ಟಿ ಹಿಟ್ಟಿನ ಉಂಡೆ ತಟ್ಟುವುದು, ಒಗೆದ ಬಟ್ಟೆಗಳ ರಾಶಿಯಲ್ಲಿ ಕಾಲುಚೀಲದ ಜೋಡಿ ಹುಡುಕುವುದು. ಒಂದು ಲೋಟದಿಂದ ಇನ್ನೊಂದಕ್ಕೆ ನೀರು ಸುರಿಯಲು ಕುಳಿತರಂತೂ ಆಕೆಗೆ ಲೋಕದ ಪರಿವೆಯೇ ಇಲ್ಲ (ನೆಲ ಒರೆಸುವ ಕೆಲಸ ನಮ್ಮದು). ಕಡಲೆ, ಬಟಾಣಿಗಳನ್ನು ಮಾತ್ರ ಆಟಕ್ಕೆ ಕೊಡುವುದಿಲ್ಲ. ಗಂಟಲಲ್ಲಿ ಸಿಲುಕುವ ಅಪಾಯವಿದೆ.

ನಮಾಝ್‌ಗೆ ನಾವಿಬ್ಬರೂ ಸರದಿಯಂತೆ ನಿಲ್ಲುತ್ತೇವೆ, ಒಬ್ಬರು ಆಕೆಯ ಬಳಿಯಿರುತ್ತೇವೆ. ಆದರೂ ಒಮ್ಮೊಮ್ಮೆ ಲೋಟ ಬಿಟ್ಟು ಓಡಿ ಬಂದು ಸುಜೂದ್‌ನಲ್ಲಿರುವವರ ಬೆನ್ನೇರುತ್ತಾಳೆ. ಮೊಮ್ಮಗನು ಬೆನ್ನೇರಿದಾಗ ಪ್ರವಾದಿವರ್ಯರು(ಸ) ಸುಜೂದನ್ನು ದೀರ್ಘಗೊಳಿಸಿದ ವರದಿಯನ್ನು ನಾವು ಎಷ್ಟೋ ಬಾರಿ ಕೇಳಿದ್ದೆವು. ಈಗ ಆಕೆ ತಾನಾಗಿಯೇ ಇಳಿಯುವವರೆಗೆ ಕಾಯುತ್ತೇವೆ.