ಗೀಸರಿನ ಕಣ್ಣುಮುಚ್ಚಾಲೆ

ಗುಂಜಹಳ್ಳಿಯ ನಮ್ಮ ಬಚ್ಚಲಿನಲ್ಲಿ ಹತ್ತಿಕಟ್ಟಿಗೆಯ ಒಲೆ ಆರಿ, ಗೋಡೆಗೆ ಗೀಸರು ಏರಿ ಕೆಲವು ವರ್ಷಗಳಾದುವು. ಹಂಡೆಯ ಮನಸ್ಸು ಹೊಗೆಯಿಂದ ತಿಳಿಯುತ್ತಿತ್ತು. ಇದರ ಮನಸ್ಸನ್ನು ಕೆಂಪು ದೀಪವೊಂದೇ ಹೇಳಬೇಕು. ಕಳೆದ ಚಳಿಗಾಲದಲ್ಲಿ ಆ ದೀಪ ಹತ್ತುವುದು, ಆರುವುದು, ಮತ್ತೆ ಹತ್ತುವುದು! ನೀರು ಮಾತ್ರ ಉಗುರುಬೆಚ್ಚಗೆ.

ರಿಪೇರಿಗೆ ಬಂದವನು, "ಥರ್ಮೋಸ್ಟಾಟ್ ತೆಗೆದು ಡೈರೆಕ್ಟ್ ಮಾಡಿಬಿಡ್ತೀನ್ರಿ" ಎಂದ. ಅದರ ಕೆಳಗೆ ನಿತ್ಯ ಮೀಯುವವಳು ಎಂಬತ್ತರ ನಮ್ಮವ್ವ. ತಡೆಯುವವನಿಲ್ಲದ ಮುಚ್ಚಿದ ತೊಟ್ಟಿಯಲ್ಲಿ ನೀರು ಕುದಿಯುತ್ತಲೇ ಹೋಗುತ್ತದೆ. ಸುರಕ್ಷಾ ಕವಾಟವೂ ಕಟ್ಟಿಕೊಂಡಿದ್ದರೆ ತೊಟ್ಟಿಯೇ ಸಿಡಿಯಬಹುದು. ನಾನು ಒಪ್ಪಲಿಲ್ಲ.

ವಿದ್ಯುತ್ತು ಕಡಿದು, ನೀರು ಬಸಿದು, ಕೆಳಗಿನ ಮುಚ್ಚಳ ಬಿಚ್ಚಿಸಿದೆ. ಕಾಯಿಸುವ ಸುರುಳಿಯ ಮೇಲೆ ಬೆರಳುದಪ್ಪ ಬಿಳಿಯ ಗಾರೆ! ಬೋರುಬಾವಿಯ ಗಡಸು ನೀರು ಕಾದಾಗ ಅದರೊಳಗಿನ ಸುಣ್ಣ ಹೀಗೆ ಹೆಪ್ಪುಗಟ್ಟುತ್ತದೆ. ಸುರುಳಿಯ ಶಾಖ ನೀರಿಗಿಳಿಯದೆ, ಪಕ್ಕದ ಥರ್ಮೋಸ್ಟಾಟಿನ ನಳಿಕೆಯವರೆಗೆ ಬೆಳೆದ ಗಾರೆಯ ಮೂಲಕ ಅದಕ್ಕೇ ತಟ್ಟುತ್ತಿತ್ತು. ಪಾಪ, ಕಾವಲುಗಾರ ಕೆಟ್ಟವನಲ್ಲ. ಅವನಿಗೆ ಮುಟ್ಟುತ್ತಿದ್ದ ಸುದ್ದಿ ಸುಳ್ಳು.

ನಮ್ಮದೇ ಜಿಲ್ಲೆಯ ಶಕ್ತಿನಗರದಲ್ಲಿ, 1985ರಲ್ಲಿ ಮೊದಲ ಘಟಕ ಆರಂಭವಾದ ಶಾಖೋತ್ಪನ್ನ ಕೇಂದ್ರವಿದೆ. ಅಂಥ ಕೇಂದ್ರಗಳ ಬಾಯ್ಲರುಗಳಿಗೆ ಲವಣ ತೆಗೆದ ನೀರನ್ನೇ ಉಣಿಸುತ್ತಾರೆ. ಬಚ್ಚಲಿನ ಬಡ ಬಾಯ್ಲರಿಗೆ ಆ ಭಾಗ್ಯವೆಲ್ಲಿ?

ನಿಂಬೆ ಉಪ್ಪಿನ ನೀರಿನಲ್ಲಿ ಸುರುಳಿ ನೆನೆಸಿ ತೊಳೆದು, ಸವೆದ ಮೆಗ್ನೀಸಿಯಂ ಸರಳನ್ನು ಬದಲಿಸಿದ್ದಾಯಿತು. ದೀಪ ಈಗ ನೀರು ಕಾಯುವವರೆಗೂ ಉರಿದು, ಆಮೇಲೆ ಆರುತ್ತದೆ. ಗಡಸು ನೀರಿನ ಊರಿನವರು ವರ್ಷಕ್ಕೊಮ್ಮೆ ಇಷ್ಟು ಮಾಡಿಸಿದರೆ ಸಾಕು. ಪದೇ ಪದೇ ತಡೆಯುವವನನ್ನು ಕಿತ್ತೊಗೆಯುವ ಮೊದಲು, ಅವನೇಕೆ ತಡೆಯುತ್ತಿದ್ದಾನೆಂದು ಕೇಳುವುದು ಲೇಸು.