ಚೀನದೇಶದ ಕಪಿವೀರ

ಮಧುಗಿರಿಯ ಏಕಶಿಲಾ ಬೆಟ್ಟವನ್ನು ದಿನವೂ ಕಾಣುವವರಿಗೆ ಚೀನೀಯರ ಒಂದು ಅದ್ಭುತಕಥೆ ಬೇಗನೆ ಮನಸ್ಸಿಗೆ ಹತ್ತೀತು. ಅದರಲ್ಲಿ ಬಂಡೆ ಬಿರಿದು ವಾನರನೊಬ್ಬನು ಜನಿಸುತ್ತಾನೆ. ಬುದ್ಧನ ಅಂಗೈಯಿಂದಾಚೆಗೆ ಹಾರಲಾರದೆ ಸೋತು, ಆ ಐದು ಬೆರಳುಗಳೇ ಪರ್ವತವಾಗಿ ಕವಿಯಲು, ಐನೂರು ವರ್ಷ ಕಲ್ಲಿನಡಿಯಲ್ಲಿ ನರಳುತ್ತಾನೆ. 1592ರಲ್ಲಿ ಅಚ್ಚಾದ, ನೂರು ಅಧ್ಯಾಯಗಳ ಆ ಗ್ರಂಥದ ಹೆಸರು ‘ಪಶ್ಚಿಮಯಾತ್ರೆ’. ವೂ ಛೆಂಗ್ ಎನ್ ಎಂಬವನು ಅದರ ಕರ್ತೃವೆಂದು ರೂಢಿ. ಪಶ್ಚಿಮವೆಂದರೆ ಇಲ್ಲಿ ಭರತಖಂಡವೇ.

ಕಪಿಯ ಹೆಸರು ಸುನ್ ವೂಕೊಂಗ್. ವೂಕೊಂಗ್ ಎಂದರೆ ಶೂನ್ಯವನ್ನರಿತವನು. ಶೂನ್ಯಸಿಂಹಾಸನದ ಕಥೆ ಕೇಳಿ ಬೆಳೆದವರಿಗೆ ಈ ಹೆಸರು ಹಿತವೆನಿಸುವುದು ಸಹಜ. ಬೌದ್ಧರ ಶೂನ್ಯವೂ ಶರಣರ ಶೂನ್ಯವೂ ಒಂದೇ ಅಲ್ಲವೆಂಬುದು ಬೇರೆ ಮಾತು.

ಎಪ್ಪತ್ತೆರಡು ರೂಪಗಳನ್ನು ತಾಳಬಲ್ಲ, ಒಂದೇ ನೆಗೆತಕ್ಕೆ 1,08,000 ‘ಲೀ’ ದೂರ ಹಾರಬಲ್ಲ ಈ ವೀರನ ವೃತ್ತಾಂತವನ್ನು ಕೇಳಿದೊಡನೆ ‘ಇವನು ನಮ್ಮ ಆಂಜನೇಯನೇ ಸರಿ’ ಎಂದು ಹಿಗ್ಗುವವರುಂಟು. ಚೀನದ ವಿದ್ವಾಂಸನಾದ ಹೂ ಷೀ 1923ರಲ್ಲಿ ಹಾಗೆಯೇ ಊಹಿಸಿದನು. ಲೂ ಷುನ್ ಅದನ್ನೊಪ್ಪದೆ, ಹ್ವಾಯ್ ನದಿಯ ಕಪಿರೂಪದ ಜಲಭೂತವೊಂದರ ಸ್ವದೇಶೀ ಐತಿಹ್ಯವನ್ನು ಮುಂದಿಟ್ಟನು. ರಾಮಕಥೆಯ ಬೀಜ ಅಲ್ಲಿಗೆ ಹೋದದ್ದೇನೋ ನಿಜ. ಮೂರನೆಯ ಶತಮಾನದಲ್ಲಿ ಖಾಂಗ್ ಸೆಂಗ್‌ಹ್ವೀ ಎಂಬ ಭಿಕ್ಷು ಚೀನೀಭಾಷೆಗೆ ತಂದ ಜಾತಕವೊಂದರಲ್ಲಿ ರಾಜ್ಯ ತೊರೆದ ದೊರೆ, ನಾಗನು ಕದ್ದೊಯ್ದ ರಾಣಿ, ಕಪಿಸೈನ್ಯ ಇವೆಲ್ಲವೂ ಇವೆ. ಆದರೆ ಅಲ್ಲಿ ಹನುಮಂತನ ಹೆಸರೇ ಇಲ್ಲ!

ಸ್ವಭಾವವನ್ನು ನೋಡಿದರಂತೂ ಸಂದೇಹ ಹೆಚ್ಚುತ್ತದೆ. ಮಾರುತಿಯು ತನ್ನ ಬಲವನ್ನು ಮರೆತವನು. ಕಡಲ ತಡಿಯಲ್ಲಿ ಜಾಂಬವಂತನು ಅದನ್ನು ನೆನಪಿಗೆ ತರಬೇಕಾಯಿತು. ವೂಕೊಂಗನೋ ‘ಸ್ವರ್ಗಸಮಾನ’ನೆಂಬ ಬಿರುದು ಹೊತ್ತು ದೇವಲೋಕವನ್ನೇ ಸೂರೆಗೊಂಡವನು. ಅವನನ್ನು ಅಂಕೆಯಲ್ಲಿಡಲು, ಗುರುವು ಮಂತ್ರ ಜಪಿಸಿದರೆ ಬಿಗಿಯುವ ಪಟ್ಟಿಯೊಂದನ್ನು ತಲೆಗೆ ತೊಡಿಸಬೇಕಾಗುತ್ತದೆ. ಇವರಿಬ್ಬರನ್ನೂ ಒಬ್ಬನೆಂದರೆ ಇಬ್ಬರಿಗೂ ಅನ್ಯಾಯವೇ.

ಕನ್ನಡಿಗರು ಸಲುಗೆಯಿಂದ ‘ನಮ್ಮವನು’ ಎನ್ನಬಹುದಾದವನು ಕಪಿಯಲ್ಲ, ಅವನ ಗುರು. ಕಥೆಯಲ್ಲಿ ಆತನು ಮಾತುಮಾತಿಗೆ ಕಣ್ಣೀರಿಡುವ ಅಂಜುಕುಳಿ. ನಿಜವಾದ ಹ್ಯುಯೆನ್‌ತ್ಸಾಂಗನು ರಾಜಾಜ್ಞೆಯನ್ನು ಮೀರಿ ಹೊರಟು, ಮರುಭೂಮಿಯನ್ನು ದಾಟಿ, ಇಮ್ಮಡಿ ಪುಲಕೇಶಿಯ ರಾಜ್ಯಕ್ಕೂ ಬಂದನು. ಹರ್ಷನಿಗೆ ಮಣಿಯದ ಆ ದೊರೆಯನ್ನೂ, ಸೋತ ಸೇನಾನಿಗೆ ಹೆಂಗಸಿನ ಉಡುಪು ಕೊಡುವ ಅಲ್ಲಿಯ ಪದ್ಧತಿಯನ್ನೂ ಬರೆದಿಟ್ಟು, 645ರಲ್ಲಿ 657 ಗ್ರಂಥಗಳೊಡನೆ ಸ್ವದೇಶವನ್ನು ಸೇರಿದನು. ಕಾದಂಬರಿಯಲ್ಲಿ ಚಾಲುಕ್ಯರ ನಾಡಿನ ಸುಳಿವಿಲ್ಲ. ಗೃಧ್ರಕೂಟದಲ್ಲಿಯೇ ಯಾತ್ರೆಯ ಗುರಿ ಕೈಗೂಡುತ್ತದೆ. ಅಲ್ಲಿಯೂ ಕಾಣಿಕೆ ತರಲಿಲ್ಲವೆಂದು ಬುದ್ಧನ ಶಿಷ್ಯರು ಬರಿಯ ಹಾಳೆಗಳನ್ನು ಕೊಟ್ಟು ಕಳುಹುತ್ತಾರೆ. ವೂಕೊಂಗನು ಹಿಂತಿರುಗಿ ದೂರಿಡಲು, ಬರಹವಿಲ್ಲದ ಗ್ರಂಥವೇ ಮೇಲಾದುದೆಂದು ಬುದ್ಧನು ನಗುತ್ತಾನೆ. ಕೊನೆಗೆ ಭಿಕ್ಷಾಪಾತ್ರೆಯನ್ನೇ ತೆತ್ತು ಗುರುಶಿಷ್ಯರು ಅಕ್ಷರಗಳುಳ್ಳ ಗ್ರಂಥಗಳನ್ನು ಪಡೆದು ಮನೆಯ ದಾರಿ ಹಿಡಿಯುತ್ತಾರೆ.